ನಮ್ಮ ಮಡಕೆ ಗ್ಯಾಲರಿ ಮುಚ್ಚುತ್ತಿದೆ: ನೀವು ಪದೇ ಪದೇ ಕೇಳುತ್ತಿರುವ ಪ್ರಶ್ನೆಗಳು

ಬಾಗಿಲಿಗೆ ಚೀಟಿ ಅಂಟಿಸಿದ ದಿನದಿಂದ ಫೋನ್ ಸುಮ್ಮನಾಗಿಲ್ಲ. ಗೇಟಿನ ಹತ್ತಿರ ನಿಲ್ಲಿಸಿ ಕೇಳುವವರು, ತರಕಾರಿ ಗಾಡಿ ಮುಂದೆ ಸಿಕ್ಕಾಗ ಕೇಳುವವರು, ದೂರದ ಊರಿನಿಂದ ಮೆಸೇಜ್ ಮಾಡುವವರು, ಎಲ್ಲರಿಗೂ ಹೇಳಿ ಹೇಳಿ ಈಗ ನಮ್ಮಲ್ಲೇ ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಿದ್ದೇವೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡೋಣ ಅಂತ ಕೂತೆ. ಲೆಕ್ಕ, ದಿನ, ತೀರ್ಮಾನ ಇವೆಲ್ಲ ಗ್ಯಾಲರಿ ನಡೆಸುವ ನಮ್ಮ ಸಂಘದ್ದು. ಅಭಿಪ್ರಾಯ ಬಂದ ಕಡೆ ಅದು ನನ್ನದು ಅಂತ ತಿಳಿದುಕೊಳ್ಳಿ.

ನಿಜವಾಗಲೂ ಮುಚ್ಚುತ್ತಿದ್ದೀರಾ?

ಹೌದು. ಈ ತಿಂಗಳ ಕೊನೆಯ ಭಾನುವಾರ ಸಂಜೆ ಆರು ಗಂಟೆಗೆ ಬಾಗಿಲು ಹಾಕುತ್ತೇವೆ. ಬೇರೆ ಬೀದಿಗೆ ಹೋಗುತ್ತಿಲ್ಲ. ಹೆಸರು ಬದಲಿಸಿ ಮತ್ತೆ ಶುರು ಮಾಡುವ ಯೋಚನೆಯೂ ಇಲ್ಲ.

ಯಾಕೆ?

ಒಂದೇ ಕಾರಣ ಆಗಿದ್ದರೆ ಹೇಗಾದರೂ ದಾರಿ ಹುಡುಕುತ್ತಿದ್ದೆವು. ಮೂರು ಒಟ್ಟಿಗೇ ಬಂದವು.

ಮೊದಲನೆಯದು ಮನೆ. ಗ್ಯಾಲರಿ ಇರುವುದು ಬೆಂಗಳೂರಿನ ದಂಡು ಪ್ರದೇಶದ ಒಂದು ಹಳೇ ಹೆಂಚಿನ ಮನೆಯಲ್ಲಿ. ಜಗಲಿ ಮತ್ತು ಎರಡು ಕೋಣೆ ನಮ್ಮದು. ಮನೆಯ ಹಿರಿಯರು ಇದ್ದಾಗ ಬಾಡಿಗೆ ಹೆಸರಿಗಷ್ಟೇ ಇತ್ತು. ಅವರಿಗೆ ಮಡಕೆ ಕಂಡರೆ ಪ್ರೀತಿ, ದಿನಾ ಬೆಳಿಗ್ಗೆ ಪೇಪರ್ ಹಿಡಿದು ಜಗಲಿಗೆ ಬಂದು ಹೂಜಿಗಳ ಪಕ್ಕದಲ್ಲೇ ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಕ್ಕಳು ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸಲು ತೀರ್ಮಾನ ಮಾಡಿದ್ದಾರೆ. ಆಸ್ತಿ ಅವರದ್ದು, ಹಕ್ಕೂ ಅವರದ್ದೇ. ನಮಗೆ ಆರು ತಿಂಗಳು ಮೊದಲೇ, ಮನೆಗೆ ಕರೆದು ಕಾಫಿ ಕೊಟ್ಟು ಹೇಳಿದರು. ದಯವಿಟ್ಟು ಅವರ ಬಗ್ಗೆ ಯಾರೂ ಕೆಟ್ಟದಾಗಿ ಮಾತಾಡಬೇಡಿ.

ಎರಡನೆಯದು ಬಾಡಿಗೆ. ಬೇರೆ ಜಾಗ ಹುಡುಕಲಿಲ್ಲ ಅಂತಲ್ಲ. ಫ್ರೇಜರ್ ಟೌನ್‌ನಿಂದ ಬಾಣಸವಾಡಿವರೆಗೆ ಅಲೆದೆವು. ಮಡಕೆಗೆ ನೆಲಮಹಡಿಯೇ ಬೇಕು, ಗಾಡಿ ಬಾಗಿಲಿನವರೆಗೆ ಬರಬೇಕು, ಒಂದು ಕಡೆಯಿಂದಾದರೂ ಬೆಳಕು ಬೀಳಬೇಕು. ಅಂಥ ಜಾಗ ಇದ್ದರೆ ಅದನ್ನು ಕಾಫಿ ಅಂಗಡಿಯವರು ಮೊದಲೇ ಹಿಡಿದಿರುತ್ತಾರೆ. ಮೇಲಾಗಿ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ಮಡಕೆ ವ್ಯಾಪಾರ ವರ್ಷಕ್ಕೆ ಮೂರೇ ಸಲ ಕೈ ಹಿಡಿಯುತ್ತದೆ. ಬೇಸಿಗೆಯಲ್ಲಿ ನೀರಿನ ಹೂಜಿ, ಗೌರಿ ಗಣೇಶಕ್ಕೆ ಮೂರ್ತಿ, ದೀಪಾವಳಿ ಕಾರ್ತಿಕಕ್ಕೆ ಹಣತೆ. ನಡುವೆ ಮಳೆಗಾಲ ಬಂತು ಅಂದರೆ ಕೊಳ್ಳುವವರೂ ಕಡಿಮೆ, ಮಾಡುವವರಿಗೂ ಕಷ್ಟ, ಯಾಕೆಂದರೆ ಹಸಿ ಮಡಕೆ ಸರಿಯಾಗಿ ಒಣಗುವುದಿಲ್ಲ, ಒಣಗದೆ ಆವಿಗೆಗೆ, ಅಂದರೆ ಮಡಕೆ ಸುಡುವ ಗೂಡಿಗೆ, ಇಟ್ಟರೆ ಒಳಗಿನ ನೀರು ಆವಿಯಾಗಿ ಪಟಾರ್ ಅಂತ ಸಿಡಿದು ಪಕ್ಕದ ನಾಲ್ಕನ್ನೂ ಕರೆದುಕೊಂಡು ಹೋಗುತ್ತದೆ. ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಒಂದೇ ಸಮ ಬರುತ್ತದೆ.

ಮೂರನೆಯದು ಜನ. ಇದನ್ನು ಹೇಳುವುದು ಸ್ವಲ್ಪ ಕಷ್ಟ. ಶುರು ಮಾಡಿದಾಗ ಸರದಿ ಮೇಲೆ ಅಂಗಡಿ ನೋಡಿಕೊಳ್ಳಲು ಹದಿನಾಲ್ಕು ಜನ ಇದ್ದೆವು. ಈಗ ನಾಲ್ಕು. ಒಬ್ಬರಿಗೆ ಮೊಣಕಾಲು ನೋವು, ಒಬ್ಬರು ಮಗಳ ಬಾಣಂತನಕ್ಕೆ ಹೋದವರು ಅಲ್ಲೇ ಉಳಿದರು, ಇಬ್ಬರು ತೀರಿಕೊಂಡರು. ಸಂಬಳ ಇಲ್ಲದ ಕೆಲಸಕ್ಕೆ ವಾರದಲ್ಲಿ ಒಂದು ಇಡೀ ದಿನ ಕೊಡಬಲ್ಲ ಹೊಸಬರು ಸಿಗಲಿಲ್ಲ. ಇಂದಿನ ಹುಡುಗ ಹುಡುಗಿಯರನ್ನು ದೂರುತ್ತಿಲ್ಲ. ಎರಡು ಗಂಟೆ ಟ್ರಾಫಿಕ್‌ನಲ್ಲಿ ಕೂತು ಬರುವವರ ಹತ್ತಿರ ಉಳಿದಿರುವ ಭಾನುವಾರವನ್ನೂ ಕೇಳುವುದು ಹೇಗೆ?

ಎಲ್ಲರೂ ಸೇರಿ ದುಡ್ಡು ಹಾಕಿದರೆ ಉಳಿಸಬಹುದಲ್ವಾ?

ಕೇಳಿದ ಪ್ರತಿಯೊಬ್ಬರಿಗೂ ಕೈ ಮುಗಿಯುತ್ತೇನೆ. ಒಬ್ಬ ಶಾಲಾ ಹುಡುಗ ಹುಂಡಿಯನ್ನೇ ತಂದು ಮೇಜಿನ ಮೇಲೆ ಇಟ್ಟ. ಆ ಹುಂಡಿ ನಮ್ಮಲ್ಲೇ ಕೊಂಡಿದ್ದು.

ಆದರೆ ಒಂದು ಸಲ ಚಂದಾ ಎತ್ತಿದರೆ ಒಂದು ವರ್ಷ ನಡೆಯುತ್ತದೆ. ಮುಂದಿನ ವರ್ಷ ಮತ್ತೆ ಕೈ ಚಾಚಬೇಕು. ಆಮೇಲೆ ನೀವು ಮಡಕೆ ಇಷ್ಟವಾಗಿ ಕೊಳ್ಳುತ್ತೀರೋ ನಮ್ಮ ಮೇಲಿನ ಕನಿಕರಕ್ಕೆ ಕೊಳ್ಳುತ್ತೀರೋ ಗೊತ್ತಾಗುವುದಿಲ್ಲ. ಅದು ಮಾಡುವವರಿಗೆ ಒಳ್ಳೆಯದಲ್ಲ. ಇನ್ನೊಂದು ಮಾತು, ಸಾಲ ಇಲ್ಲದೆ, ಎಲ್ಲರ ಬಾಕಿ ತೀರಿಸಿ ಮುಚ್ಚುವ ಶಕ್ತಿ ಈಗ ಇದೆ. ಇನ್ನು ಎರಡು ವರ್ಷ ಎಳೆದರೆ ಅದೂ ಇರುವುದಿಲ್ಲ. ಸಭೆಯಲ್ಲಿ ಈ ಮಾತು ಬಂದಾಗ ಎಲ್ಲರೂ ಸುಮ್ಮನಾದರು, ಆಮೇಲೆ ಒಬ್ಬೊಬ್ಬರಾಗಿ ಕೈ ಎತ್ತಿದರು.

ಆನ್‌ಲೈನ್‌ನಲ್ಲಿ ಮಾರಬಹುದಲ್ವಾ?

ಎರಡು ವರ್ಷ ಮಾರಿದೆವು. ಕಪ್, ಬಟ್ಟಲು, ಸಣ್ಣ ಹೂದಾನಿ ಇವು ಹೇಗೋ ತಲುಪುತ್ತವೆ. ದೊಡ್ಡದು ಕಷ್ಟ. ಹುಬ್ಬಳ್ಳಿಗೆ ಒಂದು ಹೂಜಿ ಕಳಿಸಿದ್ದು ಹೇಳುತ್ತೇನೆ. ಒಳಗೆ ಪೇಪರ್ ಉಂಡೆ ತುಂಬಿದೆವು, ಕತ್ತಿಗೆ ಹಳೇ ಟವೆಲ್ ಸುತ್ತಿದೆವು, ಒಂದು ಡಬ್ಬಿ, ಅದರ ಸುತ್ತ ಒಣಹುಲ್ಲು, ಅದರ ಮೇಲೆ ಇನ್ನೊಂದು ಡಬ್ಬಿ, ನಾಲ್ಕೂ ಕಡೆ ‘ಒಡೆಯುವ ವಸ್ತು’ ಅಂತ ಕೆಂಪಕ್ಷರ. ಕೊರಿಯರ್ ಖರ್ಚು ಹೂಜಿಯ ಬೆಲೆಗಿಂತ ಜಾಸ್ತಿ ಆಯಿತು. ಕತ್ತು ಮುರಿದು ವಾಪಸ್ ಬಂತು. ಅದನ್ನು ಮಾಡಿದ ತಾತ ಎರಡು ತುಂಡನ್ನೂ ಕೈಯಲ್ಲಿ ಹಿಡಿದು, ಒಂದರ ಮೇಲೊಂದು ಕೂರಿಸಿ ನೋಡಿ, ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅಂದರು ಅಷ್ಟೇ. ಕೋಪ ಮಾಡಿಕೊಳ್ಳಲಿಲ್ಲ. ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ.

ಇನ್ನೊಂದು ಕಾರಣವೂ ಇದೆ. ಮಡಕೆ ಕೈಯಲ್ಲಿ ಹಿಡಿದು ಕೊಳ್ಳಬೇಕಾದ ವಸ್ತು. ನಮ್ಮ ಅಜ್ಜಿಯರು ಸಂತೆಯಲ್ಲಿ ಬೆರಳ ಗಿಣ್ಣಿನಿಂದ ಬಡಿದು, ಕಿವಿ ಹತ್ತಿರ ಹಿಡಿದು ಕೇಳುತ್ತಿದ್ದರಲ್ಲ, ಅದೇ ಸರಿ. ಚೆನ್ನಾಗಿ ಬೆಂದದ್ದು ಟಣ್ ಅನ್ನುತ್ತದೆ, ಕೂದಲೆಳೆ ಬಿರುಕಿದ್ದರೂ ಡಬ್ ಅನ್ನುತ್ತದೆ. ಫೋಟೋದಲ್ಲಿ ಎರಡೂ ಒಂದೇ ತರಹ ಕಾಣುತ್ತವೆ.

ಗ್ಯಾಲರಿ ಯಾರ ಹೆಸರಿನಲ್ಲಿದೆ? ಉಳಿದ ಹಣ ಯಾರಿಗೆ?

ಯಾರೊಬ್ಬರದ್ದೂ ಅಲ್ಲ. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ. ಇಂಥ ಸಂಘ ವಿಸರ್ಜನೆಯಾದರೆ, ಸಾಲ ಬಾಕಿ ಎಲ್ಲ ತೀರಿಸಿದ ಮೇಲೆ ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಕಾನೂನೇ ಹಾಗಿದೆ, ಇರಬೇಕಾದ್ದೂ ಹಾಗೇ. ಇದನ್ನು ಸ್ಪಷ್ಟವಾಗಿ ಬರೆಯಲು ಕಾರಣ, ‘ಮುಚ್ಚಿ ಎಷ್ಟು ಹಂಚಿಕೊಂಡಿರಿ’ ಅಂತ ಇಬ್ಬರು ಕೇಳಿದರು. ಹಂಚಿಕೊಂಡಿಲ್ಲ, ಹಂಚಿಕೊಳ್ಳುವುದೂ ಇಲ್ಲ. ಕೊನೆಯ ಲೆಕ್ಕ ಪರಿಶೋಧನೆ ಮುಗಿದ ಮೇಲೆ, ಇದೇ ತರಹದ ಕೆಲಸ ಮಾಡುವ ಇನ್ನೊಂದು ಸಂಘಕ್ಕೆ ಕೊಡುತ್ತೇವೆ. ಯಾವುದು ಅಂತ ಸಭೆಯಲ್ಲಿ ಇನ್ನೂ ತೀರ್ಮಾನವಾಗಬೇಕು.

ಮಾರಾಟಕ್ಕೆ ಇಟ್ಟವರ ಬಾಕಿ?

ನಮ್ಮ ಪದ್ಧತಿ ನಿಮಗೆ ಗೊತ್ತು. ಮಡಕೆ ಮಾಡಿದವರದ್ದು, ಜಾಗ ನಮ್ಮದು. ನೂರು ರೂಪಾಯಿಗೆ ಹೋದರೆ 75 ಮಾಡಿದವರಿಗೆ, 25 ಬಾಡಿಗೆ, ಕರೆಂಟು, ಚೀಲ, ಪೇಪರ್‌ಗೆ. ಮಾರಾಟವಾದದ್ದಕ್ಕೆಲ್ಲ ಕೊನೆಯ ವಾರದೊಳಗೆ ದುಡ್ಡು ಕೈ ಸೇರುತ್ತದೆ. ಉಳಿದ ಮಾಲು ವಾಪಸ್. ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಇರುವ ಸಂಖ್ಯೆ ನಿಮ್ಮ ಪುಸ್ತಕದ ಸಂಖ್ಯೆಗೆ ಹೊಂದದಿದ್ದರೆ ಸಂಕೋಚ ಮಾಡಿಕೊಳ್ಳಬೇಡಿ, ಬಂದು ಕೇಳಿ. ನಮ್ಮ ಕಪಾಟಿನಲ್ಲಿದ್ದಾಗ ಒಡೆದದ್ದಕ್ಕೂ ಸಂಘವೇ ದುಡ್ಡು ಕೊಡುತ್ತದೆ.

ಗಿಫ್ಟ್ ಕೂಪನ್ ಇದೆ, ಏನು ಮಾಡಲಿ?

ಕೊನೆಯ ದಿನದವರೆಗೆ ನಡೆಯುತ್ತದೆ. ಬರಲು ಆಗದಿದ್ದರೆ ತಿಳಿಸಿ, ದುಡ್ಡು ವಾಪಸ್ ಹಾಕುತ್ತೇವೆ.

ಮಕ್ಕಳ ಶನಿವಾರದ ಕ್ಲಾಸು?

ಕಟ್ಟಿದ ಫೀಸಿನಲ್ಲಿ ಆಗದೆ ಉಳಿದ ದಿನಗಳ ದುಡ್ಡು ವಾಪಸ್ ಬರುತ್ತದೆ. ಮಕ್ಕಳು ಮಾಡಿ ಒಣಗಲು ಇಟ್ಟಿರುವುದನ್ನು ಕೊನೆಯ ಸಲ ಸುಡುತ್ತಿದ್ದೇವೆ, ಬಂದು ತೆಗೆದುಕೊಂಡು ಹೋಗಿ. ಒಂದು ಆನೆ ಇದೆ, ಸೊಂಡಿಲು ಬಲಗಡೆ ತಿರುಗಿದೆ, ಹೆಸರು ಕೆತ್ತಿಲ್ಲ. ಯಾರದ್ದು ಅಂತ ಹೇಳಿ.

ಇದನ್ನೇ ನಂಬಿದ್ದ ಕುಂಬಾರರ ಗತಿ ಏನು?

ನನ್ನ ಪ್ರಕಾರ ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಇದು.

ನಮ್ಮ ಗ್ಯಾಲರಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಪಾಟರಿ ಟೌನ್ ಇದೆ. ಬೆನ್ಸನ್ ಟೌನ್ ಪಕ್ಕ. ತಮಿಳು ಮಾತಾಡುವ ಕುಂಬಾರರ ಮನೆಗಳು ಅಲ್ಲಿ ತಲೆಮಾರುಗಳಿಂದ ಇವೆ. ಈಗ ನಮ್ಮ ಮೆಟ್ರೋದ ಗುಲಾಬಿ ಮಾರ್ಗದ ಸುರಂಗ ನಿಲ್ದಾಣಕ್ಕೂ ಅದೇ ಹೆಸರು. ಆಗಸ್ಟ್ ಹೊತ್ತಿಗೆ ಹೋದರೆ ಬೀದಿಯ ಎರಡೂ ಕಡೆ ಬಣ್ಣ ಕಾಣದ ಗಣೇಶಗಳು ಸಾಲಾಗಿ ಒಣಗುತ್ತಿರುತ್ತವೆ. ಆಮೇಲೆ ಹಣತೆ, ವರ್ಷವಿಡೀ ಕುಂಡ, ಹೋಟೆಲಿನವರಿಗೆ ತಂದೂರಿ ಒಲೆ. ಒಂದು ಕಾಲಕ್ಕೆ ಮಣ್ಣು ಊರಿನ ಕೆರೆಗಳಿಂದಲೇ ಬರುತ್ತಿತ್ತು. ಕೆರೆಗಳು ಬಡಾವಣೆಯಾದವು, ಉಳಿದವಕ್ಕೆ ಚರಂಡಿ ನೀರು ಬಿಟ್ಟೆವು. ಈಗ ದೂರದಿಂದ ಲಾರಿಯಲ್ಲಿ ಬರಬೇಕು, ಲಾರಿಯವರು ಹೇಳಿದ್ದೇ ಬೆಲೆ.

ನಾವು ಈ ಗ್ಯಾಲರಿ ಕಟ್ಟಿದ್ದು ಒಂದೇ ಒಂದು ಹಟಕ್ಕೆ. ಕುಲಕಸುಬಿನ ಕುಂಬಾರರದ್ದು ಮತ್ತು ಸ್ಟುಡಿಯೋದಲ್ಲಿ ಕಲಿತವರದ್ದು ಒಂದೇ ಕಪಾಟಿನಲ್ಲಿ ಇರಬೇಕು. ಯಾಕೆ ಅಂತ ಹೇಳುತ್ತೇನೆ. ಐಟಿ ಕೆಲಸ ಬಿಟ್ಟು ಎರಡು ವರ್ಷ ಕಲಿತ ನನ್ನಂಥವಳು ಮಾಡಿದ ಕಾಫಿ ಕಪ್ಪಿಗೆ ಜನ ಆರುನೂರು ರೂಪಾಯಿ ಚೌಕಾಸಿ ಇಲ್ಲದೆ ಕೊಡುತ್ತಾರೆ. ಐವತ್ತು ವರ್ಷದಿಂದ ತಿಗರಿ, ಅಂದರೆ ಕುಂಬಾರನ ಚಕ್ರ, ತಿರುಗಿಸುತ್ತಿರುವ ತಾತನ ಹತ್ತಿರ ಹಣತೆಗೆ ಡಜನ್ ಲೆಕ್ಕದಲ್ಲಿ ಚೌಕಾಸಿ ಮಾಡುತ್ತಾರೆ. ನಾನು ಒಂದು ಬಟ್ಟಲು ಎತ್ತುವ ಹೊತ್ತಿಗೆ ಅವರು ಒಂದೇ ಮುದ್ದೆ ಮಣ್ಣಿನ ತುದಿಯಿಂದ ಇಪ್ಪತ್ತು ಹಣತೆ ಎತ್ತಿ ದಾರದಲ್ಲಿ ಕತ್ತರಿಸಿ ಇಟ್ಟಿರುತ್ತಾರೆ, ಕಣ್ಣು ಆ ಕಡೆ ಮೊಮ್ಮಗಳ ಮೇಲೆ, ಮಾತು ನಮ್ಮ ಜೊತೆ, ಬೆರಳು ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಒಂದೊಂದು ಹಣತೆಯ ಮೂತಿಯೂ ಅಳೆದಂತೆ ಒಂದೇ ಅಳತೆ. ಅಷ್ಟು ಕೈಚಳಕಕ್ಕೆ ಬೆಲೆ ಕಡಿಮೆ ಯಾಕೆ?

ಒಂದೇ ಕಪಾಟಿನಲ್ಲಿ, ಕೆಳಗೆ ಮಾಡಿದವರ ಹೆಸರು ಬರೆದು ಇಟ್ಟಾಗ ಬದಲಾವಣೆ ಕಂಡೆವು. ನಿಧಾನವಾಗಿ. ಯಾವುದೋ ಮನೆಯವರು ಬಂದು ‘ಹೋದ ವರ್ಷ ಕೊಂಡ ಹೂಜಿಯ ತಾತ ಇದ್ದಾರಾ’ ಅಂತ ಕೇಳಿದರು. ಹೂಜಿ ಅಲ್ಲ, ಹೂಜಿಯ ತಾತ. ಇಷ್ಟು ವರ್ಷ ಬಾಗಿಲು ತೆರೆದಿಟ್ಟದ್ದು ಅದಕ್ಕೇ. ಈಗ ಹೋಗುತ್ತಿರುವುದೂ ಅದೇ, ಅದು ನನಗೆ ನೋವು.

ತಿನ್ನುವ ಅನ್ನಕ್ಕೆ ತೊಂದರೆ ಆಗುತ್ತದಾ ಅಂದರೆ, ಪೂರ್ತಿ ಇಲ್ಲ. ಯಾರೂ ನಮ್ಮೊಬ್ಬರನ್ನೇ ನಂಬಿರಲಿಲ್ಲ. ಆದರೆ ಇಬ್ಬರು ಹೆಣ್ಣುಮಕ್ಕಳ ವಿಷಯ ಬೇರೆ. ಅನೇಕ ಕುಂಬಾರರ ಮನೆಗಳಲ್ಲಿ ಹೆಂಗಸರು ಮಣ್ಣು ಕಲಸಬಹುದು, ತಟ್ಟಬಹುದು, ಬಣ್ಣ ಹಚ್ಚಬಹುದು, ತಿಗರಿ ಮಾತ್ರ ಮುಟ್ಟಬಾರದು ಅನ್ನುವ ಕಟ್ಟುಪಾಡು ಇತ್ತು. ಇವರಿಬ್ಬರು ನಮ್ಮ ಹಿಂದಿನ ಕೋಣೆಯ ಕರೆಂಟ್ ತಿಗರಿಯಲ್ಲಿ ಕಲಿತವರು. ಒಂದು ತಿಗರಿ ಅವರ ಮನೆಗೇ ಹೋಗುತ್ತಿದೆ. ಸಭೆಯಲ್ಲಿ ಈ ಒಂದು ವಿಷಯಕ್ಕೆ ಮಾತ್ರ ಚರ್ಚೆಯೇ ಆಗಲಿಲ್ಲ.

ಸರ್ಕಾರದಿಂದ ಏನೂ ಸಿಗುವುದಿಲ್ವಾ?

ಸಿಗುತ್ತದೆ, ಕುಂಬಾರರಿಗೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗೆ, ಆಮೇಲೆ ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದರೆ 2 ಲಕ್ಷದವರೆಗೆ ಸಾಲ. ಅರ್ಜಿಯನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಹಾಕಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇದೆ. ನಿಮ್ಮ ಪರಿಚಯದ ಕುಂಬಾರರ ಮನೆ ಇದ್ದರೆ ದಯವಿಟ್ಟು ಇದನ್ನು ಹೇಳಿ, ಅರ್ಜಿ ತುಂಬಲು ಕೂತು ಸಹಾಯ ಮಾಡಿ. ಅನೇಕರಿಗೆ ಗೊತ್ತೇ ಇಲ್ಲ.

ನನ್ನ ತಕರಾರು ಒಂದೇ. ತಿಗರಿ ಕೊಡುತ್ತೇವೆ, ಸಾಲ ಕೊಡುತ್ತೇವೆ, ಕಲಿಸುತ್ತೇವೆ. ಮಾಡಿದ್ದನ್ನು ಇಟ್ಟು ಮಾರಲು ಊರ ನಡುವೆ ನಾಲ್ಕು ಗೋಡೆಯ ಒಂದು ಜಾಗ ಕೊಡುವುದು ಇನ್ನೂ ಹೊಳೆದಿಲ್ಲ. ಪ್ರತಿ ಮೆಟ್ರೋ ನಿಲ್ದಾಣದಲ್ಲೂ ಅಂಗಡಿಗೆ ಜಾಗ ಇರುತ್ತದೆ. ಪಾಟರಿ ಟೌನ್ ಅಂತ ಹೆಸರಿಟ್ಟ ನಿಲ್ದಾಣದಲ್ಲಿ ಒಂದು ಮಳಿಗೆ ಅಲ್ಲಿನ ಕುಂಬಾರರಿಗೇ ಸಿಗಬೇಕು. ಈ ಮಾತನ್ನು ಬರೆದು ಕೊಟ್ಟಿದ್ದೇವೆ. ನೀವೂ ಬರೆಯಿರಿ.

ಕಿಟಕಿಯಲ್ಲಿರುವ ಅರ್ಧ ಕಪ್ಪು ಅರ್ಧ ಕೆಂಪು ಮಡಕೆ ಕೊಡುತ್ತೀರಾ?

ಇಲ್ಲ, ಕ್ಷಮಿಸಿ. ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಜನ ಬೆಲೆ ಕೇಳಿದ್ದು ಅದಕ್ಕೇ, ಅದಕ್ಕೇ ಅದರ ಕಥೆ ಹೇಳಿಬಿಡುತ್ತೇನೆ.

ಅದಕ್ಕೆ ಬಣ್ಣ ಬಳಿದಿಲ್ಲ. ಒಂದೇ ಮಣ್ಣು, ಒಂದೇ ಬೆಂಕಿ. ಮಡಕೆಯನ್ನು ಬೋರಲಾಗಿ ಹೊಟ್ಟಿನಲ್ಲಿ ಹೂತು ಸುಟ್ಟರೆ ಬಾಯಿಗೂ ಒಳಗಡೆಗೂ ಗಾಳಿ ಸಿಗುವುದಿಲ್ಲ, ಅಲ್ಲಿ ಕಪ್ಪಾಗುತ್ತದೆ. ಮೇಲೆ ಕಾಣುವ ತಳಕ್ಕೆ ಗಾಳಿ ಸಿಗುತ್ತದೆ, ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಾಗುತ್ತದೆ. ಎರಡರ ನಡುವೆ ಮೋಡದ ಅಂಚಿನಂತೆ ಒಂದು ಗೆರೆ ಬರುತ್ತದೆ, ಅದನ್ನು ಯಾರೂ ಎಳೆಯಲು ಆಗುವುದಿಲ್ಲ. ನಮ್ಮ ನೆಲದಲ್ಲಿ ಇದು ತುಂಬ ಹಳೆಯದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಬೃಹತ್ ಶಿಲಾ ಸಮಾಧಿ ಕಟ್ಟಿದ ಜನರ ಇಂಥ ಕಪ್ಪು ಕೆಂಪು ಮಡಕೆಗಳು ಸಿಕ್ಕಿವೆ. ನಮ್ಮ ಸದಸ್ಯರೊಬ್ಬರು ಅದನ್ನು ಓದಿ, ಎಂಟು ಸಲ ಸೋತು, ಒಂಬತ್ತನೇ ಸಲಕ್ಕೆ ಈ ಒಂದನ್ನು ತೆಗೆದರು. ಅವರು ಈಗ ಇಲ್ಲ. ಮಡಕೆ ಅವರ ಮನೆಗೆ ಹೋಗುತ್ತದೆ.

ಕೊಂಡ ಮಡಕೆಗೆ ಏನಾದರೂ ಆದರೆ ಇನ್ನು ಯಾರನ್ನು ಕೇಳುವುದು?

ಅಂಗಡಿಯಲ್ಲಿ ಬಾಯಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಬರೆದಿಡುತ್ತೇನೆ, ಉಳಿಸಿಕೊಳ್ಳಿ.

ಅಡುಗೆ ಮಡಕೆ ಹೊಸದಾದರೆ ಮೊದಲು ಪಳಗಿಸಿ. ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಒರೆಸಿ, ಅಕ್ಕಿ ತೊಳೆದ ನೀರು ಇಲ್ಲವೇ ಗಂಜಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಗಂಜಿಯ ಪಿಷ್ಟ ಸಣ್ಣ ತೂತುಗಳನ್ನು ತುಂಬುತ್ತದೆ. ಆರಿದ ಮೇಲೆ ಎಣ್ಣೆ ಸವರಿ ಬಿಸಿಲಿಗೆ ಇಡಿ. ಮಂಗಳೂರು ಕಡೆಯವರಿಗೆ ಇದನ್ನೆಲ್ಲ ಹೇಳಬೇಕಿಲ್ಲ, ಮೀನು ಸಾರಿನ ಮಡಕೆ ಅವರ ಮನೆಯಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಕಾದ ಮಡಕೆಗೆ ತಣ್ಣೀರು ಹಾಕಬೇಡಿ. ಸೋಪು ಹಾಕಬೇಡಿ, ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ತೆಂಗಿನ ನಾರು, ಬಿಸಿನೀರು ಸಾಕು. ಇಂಡಕ್ಷನ್ ಒಲೆಯಲ್ಲಿ ಮಣ್ಣಿನ ಪಾತ್ರೆ ಕಾಯುವುದೇ ಇಲ್ಲ, ಪದೇ ಪದೇ ಕೇಳುತ್ತೀರಿ.

ಹೂಜಿ ಎರಡು ವರ್ಷದ ಮೇಲೆ ತಂಪು ಮಾಡುವುದು ಕಡಿಮೆಯಾಯಿತು ಅನ್ನುವವರಿಗೆ: ನೀರು ಮೈಯಿಂದ ಜಿನುಗಿ ಆವಿಯಾದರೆ ಮಾತ್ರ ತಂಪಾಗುತ್ತದೆ. ನೀರಿನ ಸುಣ್ಣ, ಕೈ ಜಿಡ್ಡು ಕೂತು ತೂತು ಮುಚ್ಚಿರುತ್ತವೆ. ನಾರಿನಿಂದ ಹೊರಮೈ ಚೆನ್ನಾಗಿ ಉಜ್ಜಿ ಬಿಸಿಲಿನಲ್ಲಿ ಒಣಗಿಸಿ. ಗಾಳಿಯಾಡುವ ಕಡೆ ಇಡಿ. ಕರಾವಳಿಯ ಹಸಿ ಗಾಳಿಯಲ್ಲಿ ಹೂಜಿ ಅಷ್ಟು ತಂಪು ಮಾಡುವುದಿಲ್ಲ, ಅದು ಹೂಜಿಯ ತಪ್ಪಲ್ಲ.

ಗ್ಲೇಜ್‌ನಲ್ಲಿ (ಪಾತ್ರೆಯ ಮೇಲಿನ ಗಾಜಿನಂಥ ಹೊಳಪಿನ ಲೇಪದಲ್ಲಿ) ಸೀಸ ಇದೆಯಾ?

ನಮ್ಮಲ್ಲಿ ಊಟ ತಿಂಡಿಗೆ ಅಂತ ಮಾರಿದ ಯಾವುದರಲ್ಲೂ ಇಲ್ಲ. ಅವು ಸ್ಟೋನ್‌ವೇರ್ ಅನ್ನುವ ಗಟ್ಟಿ ಪಾತ್ರೆಗಳು, 1,200 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಬೆಂದವು, ಗ್ಲೇಜ್ ನಾವೇ ಕಲಸಿದ್ದು. ಬೇರೆಲ್ಲೋ ಕೊಂಡ, ಏನು ಬಳಸಿದ್ದಾರೆ ಅಂತ ಗೊತ್ತಿಲ್ಲದ ಹೊಳೆಯುವ ಬಣ್ಣದ ಪಾತ್ರೆ ಇದ್ದರೆ ಅದರಲ್ಲಿ ಹುಣಸೆಹುಳಿ, ನಿಂಬೆ, ಉಪ್ಪಿನಕಾಯಿ ಇಡಬೇಡಿ. ಸೀಸ ಇದ್ದರೆ ಹುಳಿ ಅದನ್ನು ಎಳೆದು ತೆಗೆಯುತ್ತದೆ. ಸುಮ್ನೆ ಅಲಂಕಾರಕ್ಕೆ ಇಡಿ.

ಒಡೆದದ್ದನ್ನು ನೆನೆಸಿ ಮತ್ತೆ ಮಣ್ಣು ಮಾಡಬಹುದಾ?

ಸುಟ್ಟಿಲ್ಲದಿದ್ದರೆ ಮಾಡಬಹುದು, ಎಷ್ಟು ಸಲ ಬೇಕಾದರೂ. ಸುಟ್ಟ ಮೇಲೆ ಆಗುವುದಿಲ್ಲ. ಸುಮಾರು 600 ಡಿಗ್ರಿ ದಾಟುವ ಹೊತ್ತಿಗೆ ಮಣ್ಣಿನ ಕಣಗಳೊಳಗೇ ಸೇರಿಕೊಂಡಿದ್ದ ನೀರು ಹೋಗಿಬಿಡುತ್ತದೆ, ಮತ್ತೆ ನೆನೆಸಿದರೆ ಅದು ವಾಪಸ್ ಬರುವುದಿಲ್ಲ. ಚೂರುಗಳನ್ನು ಪುಡಿ ಮಾಡಿ ಹೊಸ ಮಣ್ಣಿಗೆ ಬೆರೆಸುತ್ತಾರೆ, ದೊಡ್ಡ ಪಾತ್ರೆ ಒಣಗುವಾಗ ಬಿರಿಯದಂತೆ ಅದು ಹಿಡಿದುಕೊಳ್ಳುತ್ತದೆ. ಹಿತ್ತಲಿನಲ್ಲಿ ಎರಡು ಮೂಟೆ ಚೂರು ಇದೆ, ಬೇಕಾದವರು ತೆಗೆದುಕೊಂಡು ಹೋಗಿ.

ಕಿಲ್ನ್ (ಮಡಕೆ ಸುಡುವ ಗೂಡು) ಮಾರಾಟಕ್ಕಿದೆಯಾ?

ಇಲ್ಲ. ಒಂದು ಸರ್ಕಾರಿ ಶಾಲೆಗೆ ಕೊಡುತ್ತಿದ್ದೇವೆ. ಅಲ್ಲಿ ತ್ರೀ ಫೇಸ್ ಕರೆಂಟು ಬರಬೇಕು, ಒಬ್ಬ ಮೇಷ್ಟ್ರು ಸುಡುವುದನ್ನು ಕಲಿಯಬೇಕು, ಅದಕ್ಕೆ ಎರಡು ತಿಂಗಳು ನಾನೇ ಹೋಗುತ್ತೇನೆ. ಕಪಾಟು, ಮೇಜು ಮಾರಾಟಕ್ಕಿವೆ.

ಮನೆ ಕೆಡವಿದರೆ ಆ ಹೆಂಚು?

ಇದನ್ನು ಕೇಳಿದ ಹೆಣ್ಣುಮಗಳಿಗೆ ಧನ್ಯವಾದ, ನಮಗೇ ಹೊಳೆದಿರಲಿಲ್ಲ. ಹೆಂಚೂ ಕುಂಬಾರಿಕೆಯೇ ಅಲ್ವಾ? ಮಾಡಿನ ಮೇಲಿರುವುದು ಮಂಗಳೂರು ಹೆಂಚು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಈ ಹೆಂಚು ಊರೂರಿಗೆ ಹಬ್ಬಿತು. ಮನೆಯವರನ್ನು ಕೇಳಿದೆವು. ಇಳಿಸುವಾಗ ಒಡೆಯದೆ ಇಳಿಸಿ, ಬೇಕಾದವರಿಗೆ ಕೊಡುವುದಾಗಿ ಹೇಳಿದ್ದಾರೆ. ಬೇಕಿದ್ದರೆ ನಮ್ಮ ಹತ್ತಿರ ಹೆಸರು ಬರೆಸಿ.

ಇನ್ನು ಮೇಲೆ ಎಲ್ಲಿ ಕೊಳ್ಳುವುದು?

ಮಾಡುವವರ ಮನೆಯಲ್ಲಿ. ಪಾಟರಿ ಟೌನ್‌ಗೆ ಹೋಗಿ, ಗಣೇಶ ದೀಪಾವಳಿ ಬಿಟ್ಟು ಬೇರೆ ದಿನ ಹೋಗಿ, ಕೂತು ಮಾತಾಡಲು ಅವರಿಗೂ ಹೊತ್ತಿರುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ, ಕಾರ್ತಿಕದ ಕೊನೆಯ ಸೋಮವಾರ, ಕಡಲೆಕಾಯಿ ರಾಶಿಗಳ ನಡುವೆ ಮಣ್ಣಿನ ಸಾಮಾನೂ ಇರುತ್ತದೆ. ಊರಿಗೆ ಹೋದಾಗ ಸಂತೆಗೆ ಹೋಗಿ. ಹಳೇ ಕಾಲದ ಗುಡಾಣ, ಬಾನಿ, ಹರವಿಯಂಥ ದೊಡ್ಡ ಮಡಕೆಗಳು ಹೇಗಿದ್ದವು ಅಂತ ಮಕ್ಕಳಿಗೆ ತೋರಿಸಬೇಕೆಂದರೆ ಯಾವುದಾದರೂ ಹಳ್ಳಿಮನೆಯ ಅಟ್ಟ ಹತ್ತಿಸಿ, ಇನ್ನೂ ಸಿಗುತ್ತವೆ. ಮೈಸೂರು ದಾರಿಯಲ್ಲಿ ರಾಮನಗರದ ಜಾನಪದ ಲೋಕಕ್ಕೂ ಕರೆದುಕೊಂಡು ಹೋಗಿ.

ಒಂದು ಕೋರಿಕೆ. ಹಣತೆಗೆ ಚೌಕಾಸಿ ಮಾಡಬೇಡಿ.

ನಾವೂ ಇಂಥದ್ದೊಂದು ಶುರು ಮಾಡಬೇಕು ಅಂತಿದ್ದೇವೆ. ಏನು ಹೇಳುತ್ತೀರಿ?

ಮಾಡಿ. ನಾವು ತಪ್ಪಿದ ಕಡೆ ನೀವು ತಪ್ಪಬೇಡಿ ಅಂತ ಬರೆಯುತ್ತಿದ್ದೇನೆ.

ನಾವು ನಂಬಿಕೆಯ ಮೇಲೆ ಇದ್ದೆವು, ಕರಾರು ಇರಲಿಲ್ಲ. ಸಾಮಾನ್ಯವಾಗಿ 11 ತಿಂಗಳಿಗೆ ಕರಾರು ಬರೆಯುತ್ತಾರೆ, ಯಾಕೆಂದರೆ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯದ್ದಾದರೆ ನೋಂದಣಿ ಮಾಡಿಸಲೇಬೇಕು, ಖರ್ಚು ಬರುತ್ತದೆ. ಆ ಖರ್ಚು ಮಾಡಿ. ಐದು ವರ್ಷಕ್ಕೆ ಬರೆಸಿ ನೋಂದಾಯಿಸಿ. ಎರಡನೆಯದು, 25 ಪಾಲು ಸಾಲುತ್ತಿಲ್ಲ ಅಂತ ನಮಗೆ ನಾಲ್ಕನೇ ವರ್ಷಕ್ಕೇ ಗೊತ್ತಿತ್ತು, ಕುಂಬಾರರ ಹತ್ತಿರ ಜಾಸ್ತಿ ಕೇಳಲು ಮನಸ್ಸು ಬರಲಿಲ್ಲ. ಮನಸ್ಸು ಗಟ್ಟಿ ಮಾಡಿ ಅವರನ್ನೇ ಕೂರಿಸಿಕೊಂಡು ಲೆಕ್ಕ ತೋರಿಸಿದ್ದರೆ ಏನಾದರೂ ದಾರಿ ಅವರೇ ಹೇಳುತ್ತಿದ್ದರು. ಹೋದ ತಿಂಗಳು ತೋರಿಸಿದಾಗ ಒಬ್ಬರು ‘ಇದನ್ನ ಮೊದಲೇ ಹೇಳಬಾರದಿತ್ತಾ ಅಮ್ಮಾ’ ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ. ಮೂರನೆಯದು, ಸಂಘದಲ್ಲಿ ಮೂವತ್ತು ವರ್ಷದೊಳಗಿನವರು ಅರ್ಧದಷ್ಟಾದರೂ ಇರಲಿ, ಬೀಗದ ಕೈ ಅವರ ಹತ್ತಿರವೂ ಇರಲಿ.

ಕೊನೆಯ ಭಾನುವಾರ ಏನಿರುತ್ತದೆ?

ಭಾಷಣ ಇಲ್ಲ. ಬೆಳಿಗ್ಗೆ ಹತ್ತರಿಂದ ಬಾಗಿಲು ತೆರೆದಿರುತ್ತದೆ. ತಾತ ಜಗಲಿಯಲ್ಲಿ ಹಳೇ ತಿಗರಿ ಹಾಕಿಕೊಂಡು ಕೂರುತ್ತಾರೆ, ಕೋಲಿನಿಂದ ತಿರುಗಿಸುವುದು, ಕರೆಂಟಿನದ್ದಲ್ಲ. ಮಕ್ಕಳು ಮುಟ್ಟಬಹುದು. ಚೀಲ ತನ್ನಿ, ಸುತ್ತಲು ಹಳೇ ಪೇಪರ್ ತನ್ನಿ, ನಮ್ಮಲ್ಲಿ ಪೇಪರ್ ಮುಗಿದಿದೆ. ಗಾಡಿ ನಿಲ್ಲಿಸಲು ಜಾಗ ಕಡಿಮೆ, ಬಸ್ಸಿನಲ್ಲಿ ಬಂದರೆ ಒಳ್ಳೆಯದು.

ಹಿಂದಿನ ಕೋಣೆಯ ಡ್ರಮ್ಮಿನಲ್ಲಿ ಹದ ಮಾಡಿದ ಮಣ್ಣು ಇನ್ನೂ ಸುಮಾರು ನಲವತ್ತು ಕೆಜಿ ಇದೆ. ಅದನ್ನು ಮಾರುವುದಿಲ್ಲ. ಬಂದವರಿಗೆಲ್ಲ ಒಂದೊಂದು ಉಂಡೆ ಕೊಡುತ್ತೇವೆ. ಮನೆಗೆ ಹೋದ ಮೇಲೆ ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ನೆರಳಿನಲ್ಲಿ ಇಡಿ. ಒಣಗಿದರೆ ಚಿಂತೆ ಬೇಡ, ಪುಡಿ ಮಾಡಿ ನೀರಿನಲ್ಲಿ ನೆನೆಸಿದರೆ ಎರಡು ದಿನದಲ್ಲಿ ಮತ್ತೆ ಮೆತ್ತಗಾಗುತ್ತದೆ.